ಪಾಳುಬಿದ್ದ ಊರಿಗೆ ಅನ್ಸಾರ್ ಯಾರು?

ಯುದ್ಧ ನಡೆಯುತ್ತಿರುವಾಗ ಲೋಕವೆಲ್ಲ ಅತ್ತ ನೋಡುತ್ತದೆ. ಪತ್ರಿಕೆಗಳಲ್ಲಿ ಚಿತ್ರಗಳು ಬರುತ್ತವೆ. ಮಸೀದಿಗಳಲ್ಲಿ ದುಆಕ್ಕಾಗಿ ಕೈಗಳು ಮೇಲೇಳುತ್ತವೆ. ಜುಮಾ ನಮಾಝಿನ ಬಳಿಕ ಬಾಗಿಲಲ್ಲಿ ಚಾದರ ಹಿಡಿದು ಹಣ ಸಂಗ್ರಹಿಸಲಾಗುತ್ತದೆ. ಯುದ್ಧ ನಿಂತ ಕೆಲವೇ ದಿನಗಳಲ್ಲಿ ಆ ಊರಿನ ಹೆಸರು ನಮಗೆ ಮರೆತುಹೋಗುತ್ತದೆ. ಆದರೆ ಮನೆ ಕಳಕೊಂಡವನ ಇನ್ನೊಂದು ಕಷ್ಟ ಆರಂಭವಾಗುವುದೇ ಆಗ. ಬಾಂಬುಗಳ ಸದ್ದು ಅಡಗಿದೆ, ನಿಜ. ಆದರೆ ನೀರಿನ ಕೊಳವೆ ಒಡೆದಿದೆ, ಶಾಲೆಗೆ ಛಾವಣಿಯಿಲ್ಲ, ಮನೆಯಲ್ಲಿ ದುಡಿಯುತ್ತಿದ್ದವನು ಮಣ್ಣು ಸೇರಿದ್ದಾನೆ.

ಪ್ರಿಯ ಓದುಗರೇ, ಅಂತಹ ಊರಿನೊಂದಿಗೆ ದೂರದ ಊರಿನವರಾದ ನಮ್ಮ ಸಂಬಂಧವೇನು? ಇದಕ್ಕೆ ಉತ್ತರ ಬೇಕಿದ್ದರೆ ನಾವು ಮೊದಲು ಮದೀನಾಕ್ಕೆ ಹೋಗಬೇಕು.

ಹೆಸರು ಹಿಡಿದು ಬೆಸೆದ ಬಂಧುತ್ವ

ಮಕ್ಕಾದಿಂದ ಮುಹಾಜಿರರು ಬರಿಗೈಯಲ್ಲಿ ಮದೀನಾಕ್ಕೆ ಬಂದಾಗ ಪ್ರವಾದಿವರ್ಯರು(ಸ) ಎಲ್ಲರೂ ಎಲ್ಲರಿಗೂ ನೆರವಾಗಿರಿ ಎಂದು ಉಪದೇಶಿಸಿ ಸುಮ್ಮನಾಗಲಿಲ್ಲ. ಒಬ್ಬ ಮುಹಾಜಿರನಿಗೆ ಒಬ್ಬ ಅನ್ಸಾರಿಯನ್ನು ಹೆಸರು ಹಿಡಿದು ಸಹೋದರನನ್ನಾಗಿ ಮಾಡಿದರು. ಇದನ್ನೇ ಮುಆಖಾತ್ ಎನ್ನುತ್ತೇವೆ. ಎಲ್ಲರ ಹೊಣೆಯೆಂದರೆ ಯಾರ ಹೊಣೆಯೂ ಆಗದು ಎಂಬ ಮನುಷ್ಯ ಸ್ವಭಾವವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಹ. ಸಅದ್ ಬಿನ್ ರಬೀಅ್(ರ) ತಮ್ಮ ಪಾಲಿಗೆ ಬಂದ ಸಹೋದರ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ತಮ್ಮ ಸಂಪತ್ತಿನ ಅರ್ಧಭಾಗ ನೀಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಬರಕತ್ತಿನ ಪ್ರಾರ್ಥನೆ ಮಾಡಿ, ತನಗೆ ಮಾರುಕಟ್ಟೆಯ ದಾರಿ ತೋರಿಸಿದರೆ ಸಾಕೆಂದರು. ಬೆಣ್ಣೆ, ತುಪ್ಪ, ಗಿಣ್ಣಿನ ವ್ಯಾಪಾರದಿಂದ ಸ್ವಲ್ಪ ಕಾಲದಲ್ಲೇ ತಮ್ಮ ಕಾಲ ಮೇಲೆ ನಿಂತರು. ಬುಖಾರಿಯಲ್ಲಿ ಬಂದಿರುವ ಈ ಘಟನೆಯಲ್ಲಿ ಎರಡು ಪಾಠಗಳಿವೆ. ಕೊಡುವವನ ಮನಸ್ಸು ಸಅದ್‌ರಷ್ಟು ವಿಶಾಲವಾಗಿರಬೇಕು. ಪಡೆಯುವವನ ಸ್ವಾಭಿಮಾನ ಅಬ್ದುರ್ರಹ್ಮಾನ್‌ರಂತೆ ಉಳಿಯಬೇಕು. ತಮಗೇ ಕೊರತೆಯಿದ್ದರೂ ಇತರರಿಗೆ ಆದ್ಯತೆ ನೀಡಿದ ಅನ್ಸಾರರನ್ನು ಪವಿತ್ರ ಕುರ್‌ಆನ್ (59:9) ಪ್ರಶಂಸಿಸಿದೆ.

ಊರಿಗೊಂದು ಊರು

ಇದೇ ತತ್ವವನ್ನು ಕಳೆದ ಶತಮಾನದಲ್ಲಿ ಕೆಲವು ನಗರಗಳು ತಮ್ಮದೇ ರೀತಿಯಲ್ಲಿ ಆಚರಿಸಿ ತೋರಿಸಿದವು. ಇಂಗ್ಲೆಂಡಿನ ಕೊವೆಂಟ್ರಿ ನಗರ 1940ರ ನವೆಂಬರ್ 14ರಂದು ಜರ್ಮನ್ ವಿಮಾನ ದಾಳಿಗೆ ತುತ್ತಾಗಿತ್ತು. ಮುಂದೆ ರಷ್ಯಾದ ಸ್ಟಾಲಿನ್‌ಗ್ರಾಡ್ ಧ್ವಂಸಗೊಂಡಾಗ ಕೊವೆಂಟ್ರಿಯ 830 ಮಹಿಳೆಯರು ಒಂದು ಮೇಜುಹಾಸಿನ ಮೇಲೆ ತಮ್ಮ ಹೆಸರುಗಳನ್ನು ಕಸೂತಿ ಮಾಡಿ, ತಲಾ ಆರು ಪೆನ್ನಿ ಸೇರಿಸಿ ಆ ಊರಿಗೆ ಕಳುಹಿಸಿದರು. 1944ರಲ್ಲಿ ಎರಡೂ ನಗರಗಳು ಸೋದರ ನಗರಗಳಾದವು. ಆರು ಪೆನ್ನಿ ದೊಡ್ಡ ಮೊತ್ತವಲ್ಲ. ಆದರೆ ಅದನ್ನು ಕೊಟ್ಟವರು ಸ್ವತಃ ಬೂದಿಯ ನಡುವೆ ಬದುಕಿದವರು.

ಬೋಸ್ನಿಯಾದ ರಾಜಧಾನಿ ಸರಾಯೇವೊ 1992ರಿಂದ 1996ರವರೆಗೆ ಮುತ್ತಿಗೆಯಲ್ಲಿ ನರಳಿತು. 1984ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದ ಊರದು. 1992ರಲ್ಲಿ ಒಲಿಂಪಿಕ್ಸ್ ನಡೆಸಿದ ಸ್ಪೇನಿನ ಬಾರ್ಸಿಲೋನಾ ಆ ನಂಟನ್ನು ಮರೆಯಲಿಲ್ಲ. ಬಾರ್ಸಿಲೋನಾದಲ್ಲಿ ಇರುವುದು 10 ಆಡಳಿತ ವಿಭಾಗಗಳು. ನಗರಸಭೆಯು ಸರಾಯೇವೊವನ್ನು ತನ್ನ 11ನೆಯ ವಿಭಾಗವೆಂದು ಪರಿಗಣಿಸಿ, ಯುದ್ಧದಲ್ಲಿ ಹಾಳಾಗಿದ್ದ ಮೊಯ್ಮಿಲೊ ಒಲಿಂಪಿಕ್ ಬಡಾವಣೆಯ ಪುನರ್ನಿರ್ಮಾಣಕ್ಕೆ ನೆರವಾಯಿತು. ಪರದೇಶದ ಊರೊಂದನ್ನು ತನ್ನದೇ ಬೀದಿಯೆಂದು ಬಗೆಯುವುದು ಎಷ್ಟು ದೊಡ್ಡ ಮಾತು!

ನಮ್ಮ ನಾಡಿನ ಉದಾಹರಣೆ

ಇದು ಪರದೇಶದವರಿಗೆ ಮಾತ್ರ ಸಾಧ್ಯವೆಂದು ಭಾವಿಸಬೇಡಿ. ಚಿತ್ರದುರ್ಗದಲ್ಲಿ ನೆಲೆಸಿ ವಕೀಲಿ ಮಾಡಿದ ಎಸ್. ನಿಜಲಿಂಗಪ್ಪನವರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡಿನಲ್ಲಿ ಟಿಬೆಟಿನ ನಿರಾಶ್ರಿತರ ವಸತಿ ಆರಂಭವಾಯಿತು. ಅದಕ್ಕೆ ಮೊದಲೇ ಬೈಲಕುಪ್ಪೆಯಲ್ಲಿ ಅವರಿಗೆ ನೆಲೆ ದೊರೆತಿತ್ತು. ನಾಡು ಭೂಮಿ ಕೊಟ್ಟಿತು. ಅವರು ಕಾಡು ಕಡಿದು, ಜೋಳ ಬೆಳೆದು ಬದುಕು ಕಟ್ಟಿಕೊಂಡರು. ಧರ್ಮ ಬೇರೆ, ಭಾಷೆ ಬೇರೆ. ಆದರೂ ಅನ್ಸಾರರ ಗುಣ ಇಲ್ಲಿ ಕಾಣುವುದಿಲ್ಲವೇ? ನಮ್ಮೊಡನೆ ಯುದ್ಧ ಮಾಡದವರೊಂದಿಗೆ, ನಮ್ಮನ್ನು ಮನೆಗಳಿಂದ ಹೊರಹಾಕದವರೊಂದಿಗೆ ಸೌಜನ್ಯದಿಂದಲೂ ನ್ಯಾಯದಿಂದಲೂ ವರ್ತಿಸುವುದನ್ನು ಅಲ್ಲಾಹನು ತಡೆದಿಲ್ಲ (60:8) ಎಂಬುದು ನಮಗೂ ಇರುವ ಪಾಠ. ಆದ್ದರಿಂದ ನೊಂದ ಊರನ್ನು ಆರಿಸುವಾಗ ಅಲ್ಲಿನವರ ಧರ್ಮ ಕೇಳಬೇಕಾಗಿಲ್ಲ.

ಗಮನಿಸಬೇಕಾದ ವಿಷಯಗಳು

ಒಂದು, ಝಕಾತ್. ಒಂದು ಊರಿನ ಶ್ರೀಮಂತರಿಂದ ಪಡೆದು ಅಲ್ಲಿಯ ಬಡವರಿಗೇ ಹಂಚುವುದು ಅದರ ಮೂಲ ಕ್ರಮ. ಬೇರೆ ಊರಿಗೆ ಕಳುಹಿಸುವುದು ಹನಫಿ ವಿದ್ವಾಂಸರ ಪ್ರಕಾರ ಮಕ್ರೂಹ್. ಆದರೆ ಅಲ್ಲಿ ಬಂಧುಗಳಿದ್ದರೆ ಅಥವಾ ಅಗತ್ಯ ಹೆಚ್ಚಿದ್ದರೆ ಅಡ್ಡಿಯಿಲ್ಲ. ಶಾಫಿಈ ಮದ್‌ಹಬಿನ ಪ್ರಬಲ ಅಭಿಪ್ರಾಯ ಇನ್ನೂ ಬಿಗಿಯಾದುದು. ಪಕ್ಕದ ಮನೆಯ ವಿಧವೆಯನ್ನು ಹಸಿವಿನಲ್ಲಿಟ್ಟು ದೂರದೂರಿಗೆ ದಾನ ಕಳುಹಿಸುವುದು ಸರಿಯಲ್ಲ. ಶಾಲೆ, ಬಾವಿ, ಆಸ್ಪತ್ರೆಯಂತಹ ಕೆಲಸಗಳಿಗೆ ಸದಕಾ ಜಾರಿಯಾದ ವಿಶಾಲ ಬಾಗಿಲು ತೆರೆದೇ ಇದೆ.

ಎರಡು, ದಾನದ ಗುಣಮಟ್ಟ. ಕಣ್ಣು ಮುಚ್ಚಿಕೊಂಡಲ್ಲದೆ ನಾವು ಸ್ವೀಕರಿಸದಂತಹ ವಸ್ತುವನ್ನು ದಾನಕ್ಕೆಂದು ಆರಿಸಬಾರದೆಂದು ಕುರ್‌ಆನ್ (2:267) ತಾಕೀತು ಮಾಡಿದೆ. ಗುಂಡಿಯಿಲ್ಲದ ಅಂಗಿಯ ಗಂಟು ಯಾರ ಬದುಕನ್ನೂ ಕಟ್ಟದು. ಏನು ಬೇಕೆಂದು ಮೊದಲು ಅವರನ್ನೇ ಕೇಳಬೇಕು. ಕೊಟ್ಟ ಮೇಲೆ ಉಪಕಾರವನ್ನು ಹೇಳಿಕೊಂಡು ಅದನ್ನು ವ್ಯರ್ಥಗೊಳಿಸಬಾರದು (2:264).

ಮೂರು, ಕಾನೂನು. ವಿದೇಶಕ್ಕೆ ಹಣ ಹೋಗಬೇಕಾದುದು ಅಧಿಕೃತ ಬ್ಯಾಂಕಿನ ಮೂಲಕ ಮಾತ್ರ. ಟ್ರಸ್ಟುಗಳಿಗೆ ಪ್ರತ್ಯೇಕ ನಿಯಮಗಳಿವೆ; ಲೆಕ್ಕಪರಿಶೋಧಕರನ್ನು ವಿಚಾರಿಸದೆ ಹೆಜ್ಜೆ ಇಡಬಾರದು. ಹವಾಲಾ ದಾರಿ ಅಪರಾಧ. ಗುರುತಿಲ್ಲದವರ ಕೈಗೆ ಹಣವಿತ್ತರೆ ಅದು ಅಮಾನತ್ತಿಗೆ ಬಗೆದ ದ್ರೋಹವಾದೀತು. ನೋಂದಾಯಿತ ಸಂಸ್ಥೆಯನ್ನೇ ಆರಿಸಿ, ರಸೀದಿ ಪಡೆದು, ಲೆಕ್ಕವನ್ನು ಮಸೀದಿಯ ಫಲಕದಲ್ಲಿ ಹಾಕಿ.

ನಾವು ಮಾಡಬಹುದಾದದ್ದು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಜಮಾಅತ್‌ಗಳು ಒಟ್ಟಿಗೆ ಕೂತು ಯುದ್ಧದಿಂದ ನೊಂದ ಒಂದೇ ಒಂದು ಊರನ್ನು ಆರಿಸಿಕೊಳ್ಳಲಿ. ಅದು ಗಾಝಾದ್ದಾಗಿರಲಿ, ಸಿರಿಯಾದ್ದಾಗಿರಲಿ, ಸೂಡಾನಿನದ್ದಾಗಿರಲಿ. ಅಲ್ಲಿನ ಒಂದೇ ಒಂದು ಕೆಲಸವನ್ನು ಹೊತ್ತುಕೊಳ್ಳಲಿ. ಒಂದು ತರಗತಿಯ ಕೋಣೆಯಾದರೂ ಸಾಕು. ನೆರೆಯ ಹಿಂದೂ, ಕ್ರೈಸ್ತ ಬಾಂಧವರನ್ನೂ ಕರೆಯಲಿ. ಮನೆಯಲ್ಲಿ ತಾಯಂದಿರು ಮಕ್ಕಳಿಗೆ ಆ ಊರಿನ ಹೆಸರು ಕಲಿಸಿ, ಭೂಪಟದಲ್ಲಿ ತೋರಿಸಲಿ. ಹತ್ತು ಊರುಗಳಿಗೆ ಹತ್ತು ದಿನ ಕೊಡುವುದಕ್ಕಿಂತ ಒಂದು ಊರಿಗೆ ಹತ್ತು ವರ್ಷ ಕೊಡುವುದು ಮೇಲು. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ನೋಡಿ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ, ಮತ್ತೆ 2022ರಲ್ಲಿ. ಅದು ತುಂಬದ ವರ್ಷಗಳಲ್ಲೂ ನಮ್ಮ ಜಿಲ್ಲೆಗೆ ನೀರುಣಿಸಿತು. ಕಟ್ಟಿದವರಲ್ಲಿ ಹೆಚ್ಚಿನವರು ಅದು ತುಂಬಿದ್ದನ್ನು ಕಂಡಿರಲಾರರು. ಪಾಳುಬಿದ್ದ ಊರನ್ನು ಕಟ್ಟುವ ಕೆಲಸವೂ ಹೀಗೆಯೇ. ಫಲ ಕಾಣುವವರು ನಮ್ಮ ಮಕ್ಕಳಾಗಬಹುದು. ಕಲ್ಲು ಇಡಬೇಕಾದವರು ನಾವು.

ನಮ್ಮನ್ನು ಅನ್ಸಾರರ ಹಾದಿಯಲ್ಲಿ ನಡೆಯುವವರ ಸಾಲಿಗೆ ಅಲ್ಲಾಹನು ಸೇರಿಸಲಿ. ಆಮೀನ್.