ಸಮ್ಮೇಳನಕ್ಕೆ ಹೊರಟಿದ್ದೀರಾ? ಪರಿಚಯ ಮನೆಯಲ್ಲೇ ಶುರುವಾಗಲಿ

ಮೊದಲ ಸಲ ದೊಡ್ಡ ಸಮ್ಮೇಳನವೊಂದಕ್ಕೆ ಹೋದಾಗ ನಾನು ಮಾತಾಡಿದ್ದು ಇಬ್ಬರ ಜೊತೆ. ಒಬ್ಬರು ನೋಂದಣಿ ಮೇಜಿನಲ್ಲಿದ್ದವರು, ಇನ್ನೊಬ್ಬರು ಕಾಫಿ ಕೊಟ್ಟವರು. ಉಳಿದ ಹೊತ್ತೆಲ್ಲ ಲೋಟ ಹಿಡಿದು ಗೋಡೆಗೆ ಆತುಕೊಂಡು, ತಲೆ ತುಂಬ ಕೆಲಸ ಇರುವವನಂತೆ ಮೊಬೈಲ್ ಒತ್ತುತ್ತಿದ್ದೆ. ಅದೇ ಸಭಾಂಗಣದಲ್ಲಿದ್ದ ಎಷ್ಟೋ ಮಂದಿ ಮೊಬೈಲಿನಲ್ಲೇ ಒಬ್ಬರನ್ನೊಬ್ಬರು ಹುಡುಕುತ್ತಿದ್ದರು ಎಂಬುದು ತಿಳಿದದ್ದು ಊರಿಗೆ ಮರಳಿದ ಮೇಲೆ.

ಸಂಕೋಚದವರಿಗೆ ಸಾಮಾಜಿಕ ಜಾಲತಾಣ ಮಾಡುವ ದೊಡ್ಡ ಉಪಕಾರವೆಂದರೆ, ಎದುರು ನಿಂತು ಆಡುವ ಮಾತೇ ಮೊದಲ ಮಾತಾಗದಂತೆ ನೋಡಿಕೊಳ್ಳುವುದು. ಬೆಂಗಳೂರು ಟೆಕ್ ಸಮ್ಮಿಟ್ಟನ್ನೇ ತೆಗೆದುಕೊಳ್ಳಿ. 1998ರಲ್ಲಿ ಬೆಂಗಳೂರು ಐಟಿ ಡಾಟ್ ಕಾಮ್ ಎಂಬ ಹೆಸರಲ್ಲಿ ಆರಂಭವಾದ ಈ ಸಮಾವೇಶ 2025ರ ನವೆಂಬರ್‌ನಲ್ಲಿ ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆಯಿತು. ಮಾದಾವರ ಮೆಟ್ರೊ ನಿಲ್ದಾಣದಲ್ಲಿ ಇಳಿದು ಆ ಜನಜಾತ್ರೆಯೊಳಗೆ ಹೊಕ್ಕ ಮೇಲೆ ‘ಯಾರನ್ನು ಮಾತಾಡಿಸಲಿ’ ಎಂದು ಯೋಚಿಸಿದರೆ ತಡವಾಯಿತು.

ಒಂದು ವಾರ ಮುಂಚೆ

ಮೊದಲು ನಿಮ್ಮ ಲಿಂಕ್ಡ್‌ಇನ್ ಪುಟವನ್ನು ಅಪರಿಚಿತರ ಕಣ್ಣಿನಿಂದ ನೋಡಿ. ಮದುವೆ ಮನೆಯ ಗುಂಪಿನಿಂದ ಕತ್ತರಿಸಿದ, ಪಕ್ಕದವರ ಭುಜ ಇಣುಕುವ ಫೋಟೊ ಇದ್ದರೆ ತೆಗೆಯಿರಿ. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಜಾಗವಿದೆ. ಅಲ್ಲಿ ಬರೀ ಹುದ್ದೆ ಬರೆದರೆ ಯಾರಿಗೂ ಏನೂ ತಿಳಿಯದು. ‘ಹಾಲಿನ ಡೇರಿಗಳಿಗೆ ಲೆಕ್ಕದ ತಂತ್ರಾಂಶ ಬರೆಯುತ್ತೇನೆ, ಹಾಸನ’ ಎಂದರೆ ಮಾತಿಗೆ ಒಂದು ಎಳೆ ಸಿಗುತ್ತದೆ.

ಆಮೇಲೆ ಸಮ್ಮೇಳನದ ಅಧಿಕೃತ ಹ್ಯಾಶ್‌ಟ್ಯಾಗ್ ಹುಡುಕಿ. ಈ ಚಿಹ್ನೆಯ ಹಿಂದೆ ಒಂದು ಸ್ವಾರಸ್ಯವಿದೆ. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಟ್ವಿಟರ್‌ನಲ್ಲಿ ಗುಂಪುಗಳಿಗೆ ಇದನ್ನು ಬಳಸಬಹುದೇ ಎಂದು ಕೇಳಿದಾಗ ಕೊಟ್ಟ ಉದಾಹರಣೆ ‘ಬಾರ್‌ಕ್ಯಾಂಪ್’. ಅದು ಬಂದವರೇ ಭಾಷಣಕಾರರೂ ಆಗುವ ತಂತ್ರಜ್ಞರ ಕೂಟ. ಅಂದರೆ ಹ್ಯಾಶ್‌ಟ್ಯಾಗ್ ಹುಟ್ಟಿದ್ದೇ ಸಭೆಗೆ ಹೋಗುವವರ ಬಾಯಲ್ಲಿ. ಎಕ್ಸ್‌ನಲ್ಲೂ ಲಿಂಕ್ಡ್‌ಇನ್‌ನಲ್ಲೂ ಅದನ್ನು ಹುಡುಕಿದರೆ ಯಾರು ಬರುತ್ತಿದ್ದಾರೆ, ಯಾವ ಗೋಷ್ಠಿಯ ಬಗ್ಗೆ ಕುತೂಹಲ ಇದೆ ಎಂಬುದು ಗೊತ್ತಾಗುತ್ತದೆ.

ಹಾಗೆ ಸಿಕ್ಕವರಲ್ಲಿ ಐದೇ ಜನರನ್ನು ಆರಿಸಿ. ಐವತ್ತು ಬೇಡ. ಇವರಲ್ಲಿ ಇಬ್ಬರು ವೇದಿಕೆ ಏರುವವರಿರಲಿ, ಮೂವರು ನಿಮ್ಮಂತೆಯೇ ಕೆಳಗೆ ಕೂರುವವರಿರಲಿ. ನನ್ನ ಅನುಭವದಲ್ಲಿ ಮುಂದೆ ಕೆಲಸಕ್ಕೆ ಒದಗಿದವರು ಹೆಚ್ಚಾಗಿ ಈ ಎರಡನೇ ಗುಂಪಿನವರು. ಭಾಷಣ ಮುಗಿದ ಕೂಡಲೇ ವೇದಿಕೆಯವರನ್ನು ಇಪ್ಪತ್ತು ಜನ ಮುತ್ತಿರುತ್ತಾರೆ.

ಇನ್ನು ಸಂದೇಶ. ಲಿಂಕ್ಡ್‌ಇನ್‌ನ ಉಚಿತ ಖಾತೆಯಲ್ಲಿ ಆಹ್ವಾನದ ಜೊತೆ ಟಿಪ್ಪಣಿ ಕಳಿಸಲು ತಿಂಗಳಿಗೆ ಸಿಗುವ ಅವಕಾಶ ಬೆರಳೆಣಿಕೆಯಷ್ಟೇ. ಹಾಗಾಗಿ ಪ್ರತಿಯೊಂದನ್ನೂ ಯೋಚಿಸಿ ಖರ್ಚು ಮಾಡಿ. ‘ನಮಸ್ಕಾರ ಮೇಡಂ, ಬುಧವಾರದ ನಿಮ್ಮ ಗೋಷ್ಠಿಗೆ ಬರುತ್ತಿದ್ದೇನೆ. ನೆಟ್‌ವರ್ಕ್ ಇಲ್ಲದ ಹಳ್ಳಿಯಲ್ಲಿ ದತ್ತಾಂಶ ಹೇಗೆ ಉಳಿಸುತ್ತೀರಿ ಎಂಬುದು ನನ್ನ ಪ್ರಶ್ನೆ. ಚಹಾ ವಿರಾಮದಲ್ಲಿ ಐದು ನಿಮಿಷ ಸಿಗಬಹುದೇ?’ ಇಷ್ಟು ಸಾಕು. ಬಯೋಡೇಟಾ ಲಗತ್ತಿಸಬೇಡಿ, ಕೆಲಸ ಕೇಳಬೇಡಿ. ಉತ್ತರ ಬರದಿದ್ದರೆ ಬೇಸರವೂ ಬೇಡ. ಎದುರು ಸಿಕ್ಕಾಗ ‘ಓ, ನೀವು ಸಂದೇಶ ಹಾಕಿದ್ದಿರಲ್ಲ’ ಎನ್ನುವವರು ಬಹಳ.

ಸಭಾಂಗಣದಲ್ಲಿ

ಲಿಂಕ್ಡ್‌ಇನ್ ಆ್ಯಪ್‌ನಲ್ಲಿ ನಿಮ್ಮದೇ ಕ್ಯೂಆರ್ ಕೋಡ್ ಇರುತ್ತದೆ. ಹಿಂದಿನ ರಾತ್ರಿಯೇ ಅದರ ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಳ್ಳಿ. ಸಾವಿರಾರು ಫೋನುಗಳು ಒಂದೇ ಸೂರಿನಡಿ ಸೇರಿದಾಗ ಆ್ಯಪ್ ತಿರುಗುತ್ತಲೇ ಇರುತ್ತದೆ. ಎದುರಿಗಿರುವವರು ನಗುತ್ತ ಕಾಯುವುದು ಎಷ್ಟು ಹೊತ್ತು! ವಿಸಿಟಿಂಗ್ ಕಾರ್ಡ್ ಕೂಡ ಜೇಬಲ್ಲಿರಲಿ. ಹಿರಿಯರು ಈಗಲೂ ಅದನ್ನೇ ಕೇಳುತ್ತಾರೆ.

ಭಾಷಣ ನಡೆಯುವಾಗ ಸಾಲು ಸಾಲಾಗಿ ಪೋಸ್ಟ್ ಹಾಕುವುದು ಪ್ರಚಾರಕರ ಕೆಲಸ, ನಿಮ್ಮದಲ್ಲ. ಗೋಷ್ಠಿಗೆ ಒಂದೇ ಪೋಸ್ಟ್ ಸಾಕು. ಮನಸ್ಸಿಗೆ ತಟ್ಟಿದ ಒಂದು ಅಂಶ, ಅದಕ್ಕೆ ನಿಮ್ಮದೊಂದು ಪ್ರಶ್ನೆ, ಭಾಷಣಕಾರರ ಹೆಸರು ತಪ್ಪಿಲ್ಲದಂತೆ. ಹೆಸರು ತಪ್ಪಾದರೆ ಸ್ನೇಹ ಅಲ್ಲಿಗೇ ಮುಗಿಯಿತು. ಪ್ರಕಟವಾಗದ ಸಂಶೋಧನೆಯ ಸ್ಲೈಡ್ ಇದ್ದರೆ ಕೇಳದೆ ಫೋಟೊ ಹಾಕಬೇಡಿ. ಕೆಲವು ಗೋಷ್ಠಿಗಳಲ್ಲಿ ‘ಚಾಟಮ್ ಹೌಸ್ ನಿಯಮ’ ಎಂದು ಮೊದಲೇ ಸಾರುತ್ತಾರೆ. ಲಂಡನ್ನಿನ ಆ ಸಂಸ್ಥೆ 1927ರಲ್ಲಿ ರೂಪಿಸಿದ ನಿಯಮವದು: ಕೇಳಿದ ವಿಷಯ ಬಳಸಬಹುದು, ಹೇಳಿದವರು ಯಾರೆಂದು ಬಿಟ್ಟುಕೊಡುವಂತಿಲ್ಲ.

ಕೊರಳಿಗೆ ಹಾಕಿದ ಗುರುತಿನ ಚೀಟಿಯ ಸೆಲ್ಫಿ ಹಾಕುವ ಚಟ ಎಲ್ಲರಿಗೂ ಇದೆ. ಅದರ ಮೇಲಿನ ಕೋಡ್ ಸ್ಕ್ಯಾನ್ ಮಾಡಿದರೆ ನಿಮ್ಮ ಫೋನ್ ನಂಬರ್, ಇಮೇಲ್ ಹೊರಬೀಳಬಹುದು. ಬೆರಳಿಂದ ಮುಚ್ಚಿಕೊಂಡು ಕ್ಲಿಕ್ಕಿಸಿ. ‘ಆಯೋಜಕರ ಕಡೆಯಿಂದ’ ಎಂದು ಹೋಟೆಲ್ ಬುಕಿಂಗ್‌ಗೆ ಹಣ ಕೇಳುವ ಸಂದೇಶ ಬಂದರೆ ಅಧಿಕೃತ ನಂಬರಿಗೆ ಕರೆ ಮಾಡಿ ವಿಚಾರಿಸದೆ ಪೈಸೆಯನ್ನೂ ಕಳಿಸಬೇಡಿ.

ಸಮ್ಮೇಳನದ ವಾಟ್ಸ್ಆ್ಯಪ್ ಗುಂಪಿಗೆ ಸೇರುವ ಮೊದಲೂ ಯೋಚಿಸಿ. ನಿಮ್ಮ ನಂಬರ್ ಗುಂಪಿನವರಿಗೆಲ್ಲ ಕಾಣುತ್ತದೆ. ಸೇರಿದಿರೋ, ಶುಭೋದಯದ ಗುಲಾಬಿ ಹೂವನ್ನು ದಯವಿಟ್ಟು ಮನೆಯ ಗುಂಪಿಗೇ ಮೀಸಲಿಡಿ.

ಮರಳುವ ದಾರಿಯಲ್ಲಿ

ಹೆಚ್ಚಿನವರು ಎಡವುವುದು ಇಲ್ಲಿ. ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರಿಗೆ ಸೇರಿಸುತ್ತಾರೆ. ಒಂದು ತಿಂಗಳಾದ ಮೇಲೆ ಯಾವ ಮುಖ ಯಾವ ಕಾರ್ಡಿನದ್ದೋ ಬ್ರಹ್ಮನಿಗೂ ಗೊತ್ತಾಗದು. ಮಾತು ಮುಗಿದ ಕೂಡಲೇ ಕಾರ್ಡಿನ ಹಿಂದೆ ಎರಡು ಪದ ಗೀಚಿಡಿ: ‘ಕೋಲಾರ, ಹನಿ ನೀರಾವರಿ’. ಎರಡು ದಿನದೊಳಗೆ ಆ ಎರಡು ಪದವನ್ನೇ ಹಿಡಿದು ಸಂದೇಶ ಬರೆಯಿರಿ. ಕಳಿಸುತ್ತೇನೆ ಎಂದ ಲೇಖನವೋ ಕೊಂಡಿಯೋ ಅದರಲ್ಲೇ ಇರಲಿ.

ನಾನಂತೂ ಇದನ್ನು ಮನೆವರೆಗೆ ಒಯ್ಯುವುದಿಲ್ಲ. ಮೈಸೂರು ರೈಲಿನಲ್ಲಿ ಕಿಟಕಿ ಪಕ್ಕ ಕೂತು, ಮದ್ದೂರು ವಡೆ ಮಾರುವವರ ದನಿ ಕೇಳುವಷ್ಟರಲ್ಲಿ ಮೂರು ಸಂದೇಶ ಮುಗಿಸಿರುತ್ತೇನೆ. ಉಳಿದೆರಡು ವಡೆ ತಿಂದ ಮೇಲೆ.