ರಾತ್ರಿ ಗಡಿ ದಾಟುವ ಚಿರಂಜೀವಿಗಳಿಗೆ

 

ಕ್ಯಾಲಿಫೋರ್ನಿಯಾದ ದಕ್ಷಿಣದ ತುದಿಯಲ್ಲಿರುವ ಸ್ಯಾನ್ ಡಿಯಾಗೋ ನಗರದಿಂದ ಗಡಿಯಾಚೆಯ ಟಿಜುವಾನಾಕ್ಕೆ, ಅಂದರೆ ಅಲ್ಲಿನವರ ಬಾಯಲ್ಲಿ ತಿಹ್ವಾನಾ ಎನಿಸಿಕೊಳ್ಳುವ ಮೆಕ್ಸಿಕೋದ ದೊಡ್ಡ ಪಟ್ಟಣಕ್ಕೆ, ರಾತ್ರಿ ಹೊತ್ತು ಹೋಗಬಯಸುವ ಕಿರಿಯರು ಮೊದಲು ಕೇಳುವ ಪ್ರಶ್ನೆ ಯಾವ ವಾಹನದಲ್ಲಿ ಹೋಗುವುದು ಎಂಬುದೇ ಆದರೂ, ಯಾವ ಹೊತ್ತಿಗೆ, ಯಾವ ಕಾಗದ ಹಿಡಿದು, ಯಾವ ಬಾಗಿಲಿನಿಂದ ಹಿಂದಿರುಗುವುದು ಎಂಬುದನ್ನು ಮೊದಲು ಬಗೆಹರಿಸಿಕೊಂಡವರಿಗೆ ಮಾತ್ರ ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗುತ್ತದೆ. ಈ ಪತ್ರದ ನಿಲುವನ್ನು ಮೊದಲೇ ಹೇಳಿಬಿಡಬಹುದು: ರಾತ್ರಿಯ ಗಡಿಗೆ ಒಂದೇ ವಾಹನ ಎಂಬುದಿಲ್ಲ, ಗೆರೆಯವರೆಗೆ ಒಂದು, ಗೆರೆಯಿಂದಾಚೆಗೆ ಇನ್ನೊಂದು, ಮತ್ತು ನಡುವಿನ ಗೆರೆಗೆ ಸ್ವಂತ ಕಾಲುಗಳು. ಗಡಿಯನ್ನು ಅಲ್ಲಿನ ಜನ ‘ಲಾ ಲೀನಿಯಾ’, ಅಂದರೆ ಗೆರೆ, ಎಂದೇ ಕರೆಯುತ್ತಾರೆ. ಅದನ್ನು ದಾಟಲು ಹಿಡಿಯುವ ಹೊತ್ತಿನ ಲೆಕ್ಕ ಗಡಿಯೂರಿನ ದಿನನಿತ್ಯದ ಮಾತುಕತೆಯ ಭಾಗವಾಗಿದೆ.

ಎರಡು ನಗರಗಳ ನಡುವಿನ ಮುಖ್ಯ ಬಾಗಿಲಿನ ಹೆಸರು ಸ್ಯಾನ್ ಯಸೀಡ್ರೋ. ಪಾಸ್‌ಪೋರ್ಟ್ ತಪಾಸಣೆಯೂ ಸುಂಕದ ತಪಾಸಣೆಯೂ ನಡೆಯುವ ಇಂಥ ಅಧಿಕೃತ ಪ್ರವೇಶದ್ವಾರಗಳಲ್ಲಿ ಇದು ಜಗತ್ತಿನ ಅತ್ಯಂತ ಜನನಿಬಿಡವಾದವುಗಳಲ್ಲಿ ಒಂದಾಗಿದ್ದು, ವಾಹನಗಳಿಗೂ ನಡೆಯುವವರಿಗೂ ದಿನದ 24 ಗಂಟೆಯೂ ತೆರೆದಿರುತ್ತದೆ. ಆದರೆ ಇಲ್ಲಿಯೇ ಪಶ್ಚಿಮಕ್ಕಿರುವ ಎರಡನೆಯ ಪಾದಚಾರಿ ದ್ವಾರಕ್ಕಾಗಲಿ, ಪೂರ್ವದ ಬೆಟ್ಟಗಳ ನಡುವಿನ ತೆಕಾತೆ ಎಂಬ ಸಣ್ಣ ಊರಿನ ಬಾಗಿಲಿಗಾಗಲಿ ಈ ಮಾತು ಹೊಂದುವುದಿಲ್ಲವಾದ್ದರಿಂದ, ಹಗಲಿನಲ್ಲಿ ಹೋದ ದಾರಿಯಲ್ಲೇ ರಾತ್ರಿ ಬರಬಹುದೆಂಬ ಎಣಿಕೆ ಕೆಲವೊಮ್ಮೆ ಮುಚ್ಚಿದ ಗೇಟಿನ ಮುಂದೆ ತಂದು ನಿಲ್ಲಿಸುತ್ತದೆ. ಇತಿಹಾಸದಲ್ಲಿ ಇದು ಹೊಸದೇನೂ ಅಲ್ಲ. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿದ್ದಾಗ ಕುಡಿತಕ್ಕೂ ಜೂಜಿಗೂ ಕುದುರೆ ಪಂದ್ಯಕ್ಕೂ ಜನ ಟಿಜುವಾನಾಕ್ಕೆ ನುಗ್ಗತೊಡಗಿದಾಗ, ಆ ದಶಕದಲ್ಲಿ ಕೆಲಕಾಲ ಅಮೆರಿಕದ ಅಧಿಕಾರಿಗಳು ಸಂಜೆಯಾಗುತ್ತಲೇ ಬಾಗಿಲು ಮುಚ್ಚಿಸುತ್ತಿದ್ದರು. ಹೊತ್ತಿಗೆ ಮರಳದವರು ಆಚೆಯೇ ರಾತ್ರಿ ಕಳೆಯಬೇಕಿತ್ತು. ಇಂದು ಮುಖ್ಯ ಬಾಗಿಲು ಮುಚ್ಚುವುದಿಲ್ಲ ನಿಜ, ಆದರೆ ಬಾಗಿಲಿನವರೆಗೆ ತಲಪಿಸುವ ವಾಹನ ನಿಲ್ಲುತ್ತದೆ.

ಆ ವಾಹನ ಟ್ರಾಲಿ. ಇಲ್ಲಿ ಟ್ರಾಲಿ ಎಂದರೆ ಅಂಗಡಿಯಲ್ಲಿ ಸಾಮಾನು ತಳ್ಳುವ ಗಾಡಿಯಲ್ಲ. ಬೀದಿಯ ಮಟ್ಟದಲ್ಲೇ ಬಹುಪಾಲು ಓಡುವ, ವಿದ್ಯುತ್ತಿನ ಹಗುರ ರೈಲು. 1981ರ ಜುಲೈಯಲ್ಲಿ ಶುರುವಾದ ಈ ವ್ಯವಸ್ಥೆಯ ಮೊಟ್ಟಮೊದಲ ಮಾರ್ಗವೇ ನಗರದ ನಡುಭಾಗದಿಂದ ಸ್ಯಾನ್ ಯಸೀಡ್ರೋವರೆಗಿನದು. ನೀಲಿ ಮಾರ್ಗವೆಂದು ಹೆಸರಾದ ಅದು 2021ರ ನವೆಂಬರಿನಲ್ಲಿ ಉತ್ತರಕ್ಕೆ ಚಾಚಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಆವರಣದೊಳಗೂ ನಿಲ್ದಾಣ ಪಡೆದದ್ದರಿಂದ, ಕನ್ನಡಿಗ ವಿದ್ಯಾರ್ಥಿಯೊಬ್ಬ ಕಾಲೇಜಿನ ಮುಂದೆ ಹತ್ತಿ, ನಡುವೆ ಎಲ್ಲೂ ಬದಲಿಸದೆ, ಸುಮಾರು ಒಂದೂವರೆ ಗಂಟೆಯಲ್ಲಿ ಗಡಿಯ ಪಾದಚಾರಿ ದ್ವಾರದ ಬಳಿಯೇ ಇಳಿಯಬಹುದಾಗಿದೆ. ದರವೂ ಬಹುಕಾಲದಿಂದ ಎರಡೂವರೆ ಡಾಲರಿನ ಆಸುಪಾಸಿನದೇ. ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ವಾಹನವಿಲ್ಲ. ಹಿಂದಿರುಗುವುದಕ್ಕೆ ಮಾತ್ರ, ನಡುರಾತ್ರಿ ಕಳೆದ ಮೇಲೆ ಬೆಳಗಿನ ಜಾವದವರೆಗೆ ರೈಲು ಓಡದ ಗಂಟೆಗಳಿವೆ ಎಂಬುದನ್ನು ನೆನಪಿಡಬೇಕು. ಆದ್ದರಿಂದ ಆ ದಿನದ ಕೊನೆಯ ಉತ್ತರದಿಕ್ಕಿನ ರೈಲಿನ ಹೊತ್ತನ್ನು ಹೊರಡುವ ಮುನ್ನವೇ ನೋಡಿಟ್ಟುಕೊಂಡು, ಅದು ತಪ್ಪಿದರೆ ಬಾಡಿಗೆ ಕಾರು ಕರೆಸಲು ಬೇಕಾದ ಹಣವನ್ನು ಮನಸ್ಸಿನಲ್ಲೇ ಬದಿಗಿಟ್ಟುಕೊಂಡು ಹೋಗುವುದು ಜಾಣತನ.

ಸ್ವಂತ ಕಾರಿನ ಬಗ್ಗೆ ಇನ್ನಷ್ಟು ವಿವರವಾಗಿ ಹೇಳಬೇಕಿದೆ, ಏಕೆಂದರೆ ಗೆಳೆಯರ ಗುಂಪಿನಲ್ಲಿ ಒಬ್ಬರ ಬಳಿ ಕಾರಿದ್ದರೆ ಮಿಕ್ಕ ಲೆಕ್ಕಗಳೆಲ್ಲ ಅಲ್ಲಿಗೆ ಮುಗಿದುಹೋಗುತ್ತವೆ. ಮೊದಲನೆಯದಾಗಿ, ಅಮೆರಿಕದಲ್ಲಿ ಮಾಡಿಸಿದ ವಾಹನ ವಿಮೆಯನ್ನು ಮೆಕ್ಸಿಕೋದ ಕಾನೂನು ಒಪ್ಪುವುದಿಲ್ಲ. ಅಲ್ಲಿನ ಕಂಪನಿಯಿಂದ, ಬೇರೆಯವರಿಗಾದ ನಷ್ಟವನ್ನು ಭರಿಸುವ ವಿಮೆಯನ್ನು ದಿನದ ಲೆಕ್ಕದಲ್ಲಿ ಪ್ರತ್ಯೇಕವಾಗಿ ಕೊಳ್ಳಬೇಕು. ಇದು ಬರೀ ಹಣದ ವಿಷಯವಲ್ಲ: ಯಾರಿಗಾದರೂ ಗಾಯವಾದ ಅಪಘಾತದಲ್ಲಿ, ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ, ನಷ್ಟ ತುಂಬಿಕೊಡುವ ಭರವಸೆ ಒದಗಿಸಲಾಗದ ಚಾಲಕನನ್ನು ಪೊಲೀಸರು ಹಿಡಿದಿಟ್ಟುಕೊಳ್ಳಬಹುದು. ಬಾಡಿಗೆ ಕಾರಾದರೆ ಗಡಿ ದಾಟಿಸಬಾರದೆಂಬ ಷರತ್ತು ಕರಾರಿನಲ್ಲಿ ಹೆಚ್ಚಾಗಿ ಇದ್ದೇ ಇರುತ್ತದೆ. ಎರವಲು ತಂದ ಕಾರಾದರೆ, ಅದರ ಡಿಕ್ಕಿಯಲ್ಲಿ ಯಜಮಾನ ಬೇಟೆಗೋ ಗುರಿ ಅಭ್ಯಾಸಕ್ಕೋ ಹೋಗಿ ಮರೆತುಬಂದ ಒಂದೆರಡು ಗುಂಡುಗಳಿದ್ದರೂ, ಅನುಮತಿಯಿಲ್ಲದೆ ಮದ್ದುಗುಂಡು ಒಯ್ಯುವುದನ್ನು ಮೆಕ್ಸಿಕೋ ಗಂಭೀರ ಅಪರಾಧವೆಂದು ಎಣಿಸುವುದರಿಂದ, ಮರೆತದ್ದು ಎಂಬ ಸಮಜಾಯಿಷಿ ನಡೆಯುವುದಿಲ್ಲ. ಇದರ ಮೇಲೆ ಕುಡಿತದ ಮಾತು. ಅಮೆರಿಕದಲ್ಲಿ ಮದ್ಯಕ್ಕೆ 21 ವರ್ಷ ತುಂಬಿರಬೇಕು, ಮೆಕ್ಸಿಕೋದಲ್ಲಿ 18 ಸಾಕು. ವಾರಾಂತ್ಯದ ರಾತ್ರಿ ದಕ್ಷಿಣಕ್ಕೆ ಹೋಗುವ ಎಷ್ಟೋ ಕಾರುಗಳಿಗೆ ಈ ಮೂರು ವರ್ಷದ ಅಂತರವೇ ಪೆಟ್ರೋಲು ಎಂದರೆ ತಪ್ಪಾಗದು, ಮತ್ತು ಹಾಗೆ ಹೋದ ಕಾರನ್ನು ಹಿಂದಕ್ಕೆ ಓಡಿಸಿಕೊಂಡು ಬರುವವರು ಸಮವಸ್ತ್ರದ ಅಧಿಕಾರಿಯೊಬ್ಬರ ಮುಂದೆ ಕಿಟಕಿ ಇಳಿಸಲೇಬೇಕಾಗುತ್ತದೆ.

ಹೋಗುವ ಇರಾದೆಯೇ ಇಲ್ಲದವರನ್ನೂ ರಸ್ತೆ ಎಳೆದೊಯ್ಯುವುದುಂಟು. ಕೆನಡಾದ ಅಂಚಿನಿಂದ ಪಶ್ಚಿಮ ಕರಾವಳಿಯುದ್ದಕ್ಕೂ ಇಳಿದುಬರುವ 5ನೇ ಹೆದ್ದಾರಿ ಸ್ಯಾನ್ ಯಸೀಡ್ರೋದಲ್ಲಿ ಗಡಿಗೇ ಮುಟ್ಟಿ ಮುಗಿಯುತ್ತದೆ; ಇದು ಅಮೆರಿಕದೊಳಗಿನ ಕೊನೆಯ ತಿರುವು ಎಂಬ ಫಲಕವನ್ನು ಗಮನಿಸದೆ ಮುಂದೆ ಹೋದವರಿಗೆ, ಮೆಕ್ಸಿಕೋ ಹೊಕ್ಕು, ಉತ್ತರದ ಉದ್ದನೆಯ ಸಾಲಿನಲ್ಲಿ ನಿಂತು ಮರಳುವುದೊಂದೇ ದಾರಿ. ಗೆಳೆಯರನ್ನು ಗಡಿಗೆ ಬಿಟ್ಟುಬರಲು ಕಾರು ತಂದವರು ಈ ಕೊನೆಯ ತಿರುವನ್ನು ಮೊದಲೇ ನಕ್ಷೆಯಲ್ಲಿ ಗುರುತಿಸಿಕೊಂಡಿರಬೇಕು.

ಕಾಲ್ನಡಿಗೆಯ ಪರವಾಗಿರುವ ಬಲವಾದ ಕಾರಣ ಹಣವೂ ಅಲ್ಲ, ಸಮಯವೂ ಅಲ್ಲ, ಕಾಗದಪತ್ರ. ಕಾರಿನಲ್ಲಿ ದಕ್ಷಿಣಕ್ಕೆ ಹೋಗುವಾಗ ಸುಂಕದವರ ದೀಪ ಹಸಿರಾದರೆ ಯಾರೂ ತಡೆಯದೆ ಊರೊಳಗೆ ಹೋಗಿಬಿಡಬಹುದು, ವಲಸೆ ಕಚೇರಿಯ ಮುಂದೆ ತಾವಾಗಿಯೇ ಗಾಡಿ ನಿಲ್ಲಿಸಿ ಪ್ರವಾಸಿ ಅನುಮತಿ ಪಡೆಯಬೇಕಾದದ್ದು ಪರದೇಶದವರ ಹೊಣೆಯೆಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ನಡೆದು ಹೋಗುವವರಿಗೆ ಮಾತ್ರ ದಾರಿಯೇ ಆ ಅಧಿಕಾರಿಯ ಮೇಜಿನ ಮುಂದೆ ಹಾದುಹೋಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಮೆಕ್ಸಿಕೋದ ವೀಸಾ ಬೇಕು. ಆದರೆ ಅವಧಿ ಮುಗಿಯದ ಅಮೆರಿಕದ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ, ಅಥವಾ ಅಲ್ಲಿ ಕಾಯಂ ವಾಸದ ಹಕ್ಕಿದ್ದರೆ, ಪ್ರವಾಸಕ್ಕಾಗಿ ಪ್ರತ್ಯೇಕ ವೀಸಾ ಬೇಕಿಲ್ಲ. ಇಲ್ಲೊಂದು ಗೊಂದಲವಿದೆ, ಅದರಲ್ಲಿ ಜಾಣರೂ ಎಡವುತ್ತಾರೆ. ಅಮೆರಿಕದೊಳಗೆ ಇರುವ ಹಕ್ಕು ಬೇರೆ, ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾ ಬೇರೆ: ಎಚ್-1ಬಿ ನೌಕರರಿಗೋ ಎಫ್-1 ವಿದ್ಯಾರ್ಥಿಗಳಿಗೋ ವೀಸಾ ಚೀಟಿಯ ಅವಧಿ ಮುಗಿದಿದ್ದರೂ, ಎಷ್ಟು ಕಾಲ ಇರಬಹುದೆಂದು ತಿಳಿಸುವ ಐ-94 ಎಂಬ ದಾಖಲೆ ಊರ್ಜಿತವಾಗಿದ್ದರೆ, ಮೆಕ್ಸಿಕೋದಲ್ಲಿ 30 ದಿನಕ್ಕೆ ಮೀರದಂತೆ ಇದ್ದು ಅಲ್ಲಿ ಹೊಸ ವೀಸಾಗೆ ಅರ್ಜಿ ಹಾಕದೆ ಬಂದವರ ಹಳೆಯ ವೀಸಾ ಇನ್ನೂ ನಡೆಯುತ್ತದೆಂದು ಭಾವಿಸಿ ಒಳಗೆ ಬಿಡುವ ನಿಯಮವೊಂದು ಅಮೆರಿಕದಲ್ಲಿದೆ. ಆದರೆ ಆ ನಿಯಮ ಹಿಂದಿರುಗುವ ಬಾಗಿಲಿಗೆ ಸಂಬಂಧಿಸಿದ್ದೇ ಹೊರತು ಹೋಗುವ ಬಾಗಿಲಿಗಲ್ಲ. ಮುಗಿದ ವೀಸಾ ಹಿಡಿದವರಿಗೆ ಮೆಕ್ಸಿಕೋ ತನ್ನ ವೀಸಾವನ್ನು ಕೇಳುತ್ತದೆ. ವಿದ್ಯಾರ್ಥಿಗಳ ಬಳಿ, ವಿಶ್ವವಿದ್ಯಾಲಯದ ಅಧಿಕಾರಿ ಪ್ರಯಾಣಕ್ಕೆಂದು ಸಹಿ ಮಾಡಿದ ಐ-20 ಪತ್ರವೂ ಇರಬೇಕು. ಶನಿವಾರ ರಾತ್ರಿ ಒಂದು ಗಂಟೆಗೆ ಆ ಸಹಿ ಇಲ್ಲವೆಂದು ತಿಳಿದರೆ, ಸೋಮವಾರದವರೆಗೆ ಆ ಕಚೇರಿಯಲ್ಲಿ ಯಾರೂ ಇರುವುದಿಲ್ಲ. ಪಾಸ್‌ಪೋರ್ಟಿನ ಫೋಟೊ ಮೊಬೈಲಿನಲ್ಲಿದೆ ಎಂಬ ಧೈರ್ಯ ಗಡಿಯಲ್ಲಿ ಉಪಯೋಗಕ್ಕೆ ಬಾರದು.

ಗೆರೆಯ ಆಚೆಗೆ ಕಾಲಿಟ್ಟ ಕೂಡಲೇ ಮುತ್ತಿಕೊಳ್ಳುವುದು ಟ್ಯಾಕ್ಸಿಯವರ ಕರೆ. ಹಳದಿ ಬಣ್ಣದ ಟ್ಯಾಕ್ಸಿಗಳಲ್ಲಿ ಮೀಟರಿನ ಮಾತಿಲ್ಲ, ಚೌಕಾಸಿಯ ಮಾತಷ್ಟೇ. ‘ತಾಕ್ಸಿ ಲಿಬ್ರೆ’ ಎಂದು ಬರೆದುಕೊಂಡಿರುವ ಬಿಳಿಯ ಕಾರುಗಳಲ್ಲಿ ಮೀಟರ್ ಇರುತ್ತದೆ, ಆದರೆ ಹೊರಡುವ ಮೊದಲು ಅದನ್ನು ಹಾಕಿಸುವುದು ಹತ್ತಿದವರ ಕೆಲಸ. ರಾತ್ರಿ ಹತ್ತರ ಮೇಲೆ ಬೆಂಗಳೂರಿನ ಆಟೋದಲ್ಲಿ ಒಂದೂವರೆ ಪಟ್ಟು ಕೊಟ್ಟು ಬೆಳೆದವರಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಿಲ್ಲ. ಅವರಿಗೂ ಹೊಸದಾದ ಒಂದು ಬಲೆಯೆಂದರೆ, ಡಾಲರನ್ನೂ ಪೆಸೊವನ್ನೂ ಒಂದೇ ಗುರುತಿನಿಂದ ಬರೆಯುತ್ತಾರೆ ಎಂಬುದು; ಇತ್ತೀಚಿನ ವರ್ಷಗಳಲ್ಲಿ ಒಂದು ಡಾಲರಿಗೆ ಹೆಚ್ಚುಕಡಿಮೆ 17ರಿಂದ 20 ಪೆಸೊ ಆಗಿರುವಾಗ, ನೂರು ಎಂದರೆ ಯಾವ ನೂರು ಎಂದು ಕಾರಿಗೆ ಹತ್ತುವ ಮುನ್ನವೇ ಕೇಳಿ ಖಚಿತ ಮಾಡಿಕೊಳ್ಳಬೇಕು. ರಾತ್ರಿಯ ಮಟ್ಟಿಗೆ, ಬೀದಿಯಲ್ಲಿ ಕೈಯೆತ್ತಿ ನಿಲ್ಲಿಸಿದ ಟ್ಯಾಕ್ಸಿಗಿಂತ, ಯಾರು ಕಳಿಸಿದರು, ಯಾವ ಕಾರು, ಯಾವ ದಾರಿ ಎಂಬ ದಾಖಲೆ ಉಳಿಯುವ ವಾಹನವೇ ಮೇಲು. ಟಿಜುವಾನಾದಲ್ಲಿ ಉಬರ್ ಓಡುತ್ತದೆ, ಮತ್ತು ‘ಸಿತಿಯೊ’ ಎನ್ನುವ, ನಿಗದಿತ ನಿಲ್ದಾಣದಿಂದ ಫೋನಿನ ಕರೆಗೆ ಬರುವ ಟ್ಯಾಕ್ಸಿಯನ್ನು ಹೋಟೆಲಿನವರೋ ಊಟದ ಮನೆಯವರೋ ಕರೆಸಿಕೊಡುತ್ತಾರೆ. ಇದಕ್ಕೆಲ್ಲ ಗಡಿಯಾಚೆಯೂ ನಡೆಯುವ ಮೊಬೈಲ್ ಸಂಪರ್ಕ ಬೇಕೆಂಬುದು, ಸಂಪರ್ಕ ಕಡಿದ ಮೇಲೆ ನೆನಪಾಗುವ ಸಂಗತಿ. ತುರ್ತಿನ ಸಂಖ್ಯೆ ಮಾತ್ರ ಎರಡೂ ಕಡೆ ಒಂದೇ, 911. ಗಡಿಯಾರವೂ ಒಂದೇ, ಏಕೆಂದರೆ 2022ರಲ್ಲಿ ಮೆಕ್ಸಿಕೋ ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ಪದ್ಧತಿಯನ್ನು ಕೈಬಿಟ್ಟಾಗ ಟಿಜುವಾನಾದಂಥ ಗಡಿಯೂರುಗಳಿಗೆ ವಿನಾಯಿತಿ ಕೊಟ್ಟಿತು. ಟಿಜುವಾನಾವನ್ನೂ ದಾಟಿ ದಕ್ಷಿಣದ ಎನ್ಸೆನಾಡಾದ ಕಡೆಗೆ ರಾತ್ರಿಯಲ್ಲೇ ರಸ್ತೆ ಹಿಡಿಯುವ ಯೋಚನೆಯಿದ್ದವರಿಗೆ ಹೇಳುವುದು ಒಂದೇ ಮಾತು: ಆ ಕಡಲ ದಾರಿ ಇರುವುದು ಹಗಲಿಗೆ.

ಹೊರಟದ್ದು ಊರು ನೋಡಲಿಕ್ಕಲ್ಲ, ಟಿಜುವಾನಾದ ವಿಮಾನ ಹಿಡಿಯಲಿಕ್ಕೆ ಎಂದಾದರೆ ಮೇಲಿನ ಸಲಹೆಯೆಲ್ಲ ಬದಲಾಗುತ್ತದೆ. ಆ ವಿಮಾನ ನಿಲ್ದಾಣ ಗಡಿಗೆ ಒತ್ತಿಕೊಂಡೇ ಇದ್ದು, ಸುಮಾರು 390 ಅಡಿ ಉದ್ದದ, ಮುಚ್ಚಿದ ಕಾಲುಸೇತುವೆಯೊಂದು 2015ರ ಡಿಸೆಂಬರಿನಿಂದ ಅದನ್ನು ಅಮೆರಿಕದ ಓಟೈ ಮೇಸಾ ಎಂಬ ಬಡಾವಣೆಗೆ ಜೋಡಿಸಿದೆ. ಸಿಬಿಎಕ್ಸ್ ಎಂಬ ಹೆಸರಿನ ಈ ಸೇತುವೆಗೆ ವಿಮಾನದ ಟಿಕೆಟಿನ ಹೊರತಾಗಿ ಬೇರೆ ಟಿಕೆಟ್ ಕೊಳ್ಳಬೇಕು. ಇದು ವಿಮಾನದವರ ಸೇತುವೆಯೇ ಹೊರತು ಸಾರ್ವಜನಿಕ ದಾರಿಯಲ್ಲ: ಹೋಗುವವರ ವಿಮಾನ ಮುಂದಿನ 24 ಗಂಟೆಯೊಳಗೆ ಹೊರಡುವಂಥದ್ದಾಗಿರಬೇಕು, ಬರುವವರು ಆಗಷ್ಟೇ ಅಲ್ಲಿ ಇಳಿದವರಾಗಿರಬೇಕು. ಟ್ರಾಲಿ ಅಲ್ಲಿಗೆ ಹೋಗುವುದಿಲ್ಲವಾದ್ದರಿಂದ ರಾತ್ರಿ ಕಾರು ಕರೆಸುವುದೇ ಸರಿ, ಮತ್ತು ಆ ಖರ್ಚನ್ನು ಅಗ್ಗದ ವಿಮಾನ ಟಿಕೆಟಿನ ಬೆಲೆಗೆ ಸೇರಿಸಿಯೇ ಅಗ್ಗವೆಷ್ಟೆಂದು ಲೆಕ್ಕ ಹಾಕಬೇಕು.

ಉಳಿದದ್ದು ಮರಳುವ ಸಾಲು. ವಾಹನಗಳಿಗೆಂದು ಸ್ಯಾನ್ ಯಸೀಡ್ರೋದಲ್ಲಿ, 2019ರಲ್ಲಿ ಮುಗಿದ ವಿಸ್ತರಣೆಯ ಬಳಿಕ, ಉತ್ತರದಿಕ್ಕಿಗೆ 34 ಸಾಲುಗಳಿದ್ದರೂ ಎಲ್ಲವೂ ಎಲ್ಲ ಹೊತ್ತೂ ತೆರೆದಿರುವುದಿಲ್ಲ. ಎಷ್ಟು ಕಾಯಬೇಕಾಗಬಹುದೆಂಬ ಅಂದಾಜನ್ನು ಅಮೆರಿಕದ ಗಡಿ ಇಲಾಖೆ ಗಂಟೆಗಂಟೆಗೂ ಪ್ರಕಟಿಸುತ್ತದೆ, ಊಟ ಮುಗಿಸಿ ಏಳುವ ಮೊದಲು ಅದನ್ನೊಮ್ಮೆ ನೋಡುವುದು ಒಳ್ಳೆಯದು. ನಡೆಯುವವರ ಸಾಲು ನಡುರಾತ್ರಿಯ ಆಸುಪಾಸಿನಲ್ಲಿ ಸಾಮಾನ್ಯವಾಗಿ ಚಿಕ್ಕದಾಗಿರುತ್ತದೆ. ಹೊತ್ತು ಹೆಚ್ಚಾದಷ್ಟೂ ಜನ ಕಡಿಮೆಯಾಗುತ್ತಾರೆಂದು ಎಣಿಸಿ ಮೂರು, ನಾಲ್ಕು ಗಂಟೆಯವರೆಗೆ ಉಳಿದುಬಿಡುವುದು ವಾರದ ದಿನಗಳಲ್ಲಿ ತಪ್ಪು ಲೆಕ್ಕ. ಟಿಜುವಾನಾದಲ್ಲಿ ಮನೆಯಿದ್ದು ಸ್ಯಾನ್ ಡಿಯಾಗೋದ ಅಡುಗೆಮನೆಗಳಲ್ಲಿ, ಕಟ್ಟಡ ಕೆಲಸಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ಸಾವಿರಾರು ಜನ, ಶಾಲೆಗೆ ಹೋಗುವ ಮಕ್ಕಳು ಕೂಡ, ಕತ್ತಲಿರುವಾಗಲೇ ಬಂದು ಅದೇ ಗೆರೆಯ ಮುಂದೆ ಸಾಲುಗಟ್ಟುತ್ತಾರೆ. ಬೆಳಗಿನ ಜಾವದ ಮೊದಲ ಟ್ರಾಲಿಗಳು ಹೊರಡುವುದು ಅವರಿಗಾಗಿ. ರಾತ್ರಿಯ ವಿಹಾರ ಮುಗಿಸಿ ಆ ಹೊತ್ತಿಗೆ ಬಂದವರು, ನಿದ್ದೆಗಣ್ಣಿನಲ್ಲಿ ಪಾಸ್‌ಪೋರ್ಟ್ ಹಿಡಿದು, ಬುತ್ತಿ ಹಿಡಿದು ಕೆಲಸಕ್ಕೆ ಹೊರಟವರ ಹಿಂದೆ ನಿಂತಿರುತ್ತಾರೆ.