ಆಯುಷ್ಯದ ಜೊತೆ ಆರೋಗ್ಯದ ಲೆಕ್ಕ: ಚಿಕಿತ್ಸೆಯ ಖರ್ಚನ್ನು ಅಳೆಯುವುದು ಹೇಗೆ?



ನಾವು ಭೇಟಿಕೊಟ್ಟ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಅತ್ತೆಯ ಮಂಡಿ ಆಪರೇಷನ್‌ಗೆ ಸಾಲ ಕೇಳಿದರು. ಆಗ ಇನ್ನೊಬ್ಬರು, "ಅಜ್ಜಿಗೆ ವಯಸ್ಸಾಯ್ತಲ್ಲ, ಆಪರೇಷನ್ ಮಾಡಿಸಿದ್ರೆ ಆಯುಷ್ಯ ಹೆಚ್ಚಾಗುತ್ತಾ ಸಿಸ್ಟರ್?" ಎಂದರು. ಸಭೆ ಸುಮ್ಮನಾಯಿತು. ಈ ಪ್ರಶ್ನೆಯನ್ನು ಸರ್ಕಾರಗಳೂ ಕೇಳುತ್ತವೆ. ಉತ್ತರ ಹುಡುಕಲು ಅವು ಬಳಸುವ ಒಂದು ಲೆಕ್ಕವನ್ನು ಇಂದು ಕಲಿಯೋಣ.

ಕ್ವಾಲಿ ಅಂದರೇನು?

ಎಷ್ಟು ವರ್ಷ ಬದುಕಿದೆವು ಎನ್ನುವುದಷ್ಟೇ ಸಾಲದು, ಹೇಗೆ ಬದುಕಿದೆವು ಎನ್ನುವುದೂ ಮುಖ್ಯ ಅಲ್ವಾ? ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ 1 ಅಂಕ, ಮರಣಕ್ಕೆ 0. ಕಾಯಿಲೆಯಿಂದ ನರಳುವ ವರ್ಷಕ್ಕೆ ಸಾಮಾನ್ಯವಾಗಿ ಇವೆರಡರ ನಡುವಿನ ಅಂಕ. ವರ್ಷಗಳನ್ನು ಈ ಅಂಕದಿಂದ ಗುಣಿಸಿದರೆ ಬರುವುದೇ 'ಕ್ವಾಲಿ', ಅಂದ್ರೆ ಗುಣಮಟ್ಟಕ್ಕೆ ಹೊಂದಿಸಿದ ಆಯುಷ್ಯದ ವರ್ಷ.

ಅಂಕ ಕೊಡಲು ಹೆಚ್ಚಾಗಿ ಐದು ವಿಷಯ ಕೇಳುತ್ತಾರೆ:
1. ನಡೆದಾಡಲು ಆಗುತ್ತದೆಯೇ?
2. ಸ್ನಾನ, ಬಟ್ಟೆ ತೊಡುವುದು ತಾವೇ ಮಾಡಿಕೊಳ್ಳುತ್ತಾರೆಯೇ?
3. ದಿನನಿತ್ಯದ ಕೆಲಸ ಸಾಗುತ್ತದೆಯೇ?
4. ನೋವು ಎಷ್ಟಿದೆ?
5. ಚಿಂತೆ, ಬೇಸರ ಎಷ್ಟಿದೆ?

ಲೆಕ್ಕ ಮಾಡೋಣ

(ಅಂಕಿಗಳು ಕಲಿಕೆಗಾಗಿ ಮಾತ್ರ.) ಅಜ್ಜಿ ಇನ್ನೂ 10 ವರ್ಷ ಬದುಕುತ್ತಾರೆ ಎಂದುಕೊಳ್ಳಿ.

ಮಾತ್ರೆ ಮಾತ್ರ: ವರ್ಷಕ್ಕೆ 6,000ದಂತೆ 60,000 ರೂಪಾಯಿ. ಅಂಕ 0.5. ಅಂದರೆ 10 × 0.5 = 5 ಕ್ವಾಲಿ.
ಆಪರೇಷನ್: 1,80,000 ರೂಪಾಯಿ, ಆಮೇಲೆ ಮಾತ್ರೆ ಬೇಡ. ಅಂಕ 0.8. ಅಂದರೆ 10 × 0.8 = 8 ಕ್ವಾಲಿ.

ಹೆಚ್ಚುವರಿ ಖರ್ಚು 1,20,000. ಹೆಚ್ಚುವರಿ ಲಾಭ 3 ಕ್ವಾಲಿ. ಭಾಗಿಸಿದರೆ ಒಂದು ಕ್ವಾಲಿಗೆ 40,000 ರೂಪಾಯಿ. ಗಮನಿಸಿ, ಆಯುಷ್ಯ ಒಂದು ದಿನವೂ ಹೆಚ್ಚಲಿಲ್ಲ, ಆದರೂ ಲಾಭ ಬಂತು!

ಇದು ದುಬಾರಿಯೋ ಅಗ್ಗವೋ? ಬ್ರಿಟನ್ನಿನಲ್ಲಿ 1999ರಲ್ಲಿ ಆರಂಭವಾದ ನೈಸ್ ಎಂಬ ಸಂಸ್ಥೆ ಬಹುಕಾಲ ಒಂದು ಕ್ವಾಲಿಗೆ 20,000ದಿಂದ 30,000 ಪೌಂಡ್ ಎಂಬ ಮಿತಿಯನ್ನು ನೋಡಿ ಔಷಧಿಗಳನ್ನು ತೂಗಿತು. ನಮ್ಮ ದೇಶದಲ್ಲೂ ಆರೋಗ್ಯ ಸಂಶೋಧನಾ ಇಲಾಖೆಯು 2017ರಲ್ಲಿ ಇಂಥ ಮೌಲ್ಯಮಾಪನ ವ್ಯವಸ್ಥೆಯನ್ನು ಆರಂಭಿಸಿತು. ಇಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ ದೇಶದ ತಲಾ ಉತ್ಪನ್ನ. 2024-25ರಲ್ಲಿ ಅದು 2 ಲಕ್ಷ ರೂಪಾಯಿಗಿಂತ ಹೆಚ್ಚಿತ್ತು. ಆ ಲೆಕ್ಕದಲ್ಲಿ ಅಜ್ಜಿಯ ಆಪರೇಷನ್ ಒಳ್ಳೆಯ ಖರ್ಚೇ.

ಆದರೆ ಎಚ್ಚರ!

ಅದೇ ನೋವಿರುವ, ಎರಡೇ ವರ್ಷ ಬದುಕುವ ಇನ್ನೊಬ್ಬ ಅಜ್ಜಿಯನ್ನು ನೆನೆಯಿರಿ. ಉಳಿಯುವ ಮಾತ್ರೆ ಖರ್ಚು 12,000. ಹೆಚ್ಚುವರಿ ಖರ್ಚು 1,68,000. ಲಾಭ 0.6 ಕ್ವಾಲಿ ಮಾತ್ರ. ಒಂದು ಕ್ವಾಲಿಗೆ 2,80,000 ರೂಪಾಯಿ! ನೋವು ಒಂದೇ, ಬೆಲೆ ಏಳು ಪಟ್ಟು. ವಯಸ್ಸಾದವರಿಗೂ ಅಂಗವಿಕಲರಿಗೂ ಈ ಲೆಕ್ಕ ಅನ್ಯಾಯ ಮಾಡಬಹುದು ಎನ್ನುವ ಆಕ್ಷೇಪ ಇದೇ. ಈ ಕಾರಣಕ್ಕೇ ಅಮೆರಿಕದ 2010ರ ಆರೋಗ್ಯ ಕಾಯ್ದೆಯು ಮೆಡಿಕೇರ್ ಯೋಜನೆಯಲ್ಲಿ ಇಂಥ ಮಿತಿ ಹಾಕಿ ಚಿಕಿತ್ಸೆ ನಿರಾಕರಿಸುವುದನ್ನು ತಡೆಯಿತು.

ಆದ್ದರಿಂದ ಈ ಲೆಕ್ಕ ಚಿಕಿತ್ಸೆಗಳನ್ನು ಹೋಲಿಸಲು ಒಂದು ತಕ್ಕಡಿ. ಮನುಷ್ಯರನ್ನು ತೂಗಲು ಅಲ್ಲ.

ಆ ಸಭೆಯಲ್ಲಿ ಕೊನೆಗೆ ನಮಗೆ ಹೊಳೆದದ್ದು: ಅಜ್ಜಿಯನ್ನು ಯಾರೂ ಕೇಳಿರಲಿಲ್ಲ! ಮನೆಗೆ ಹೋಗಿ ಕೇಳಿದೆವು. "ಮಂಡಿ ನೋವು ತಡ್ಕೊಳ್ತೇನೆ ಸಿಸ್ಟರ್. ರಾತ್ರಿ ಪಾಯಿಖಾನೆಗೆ ಹೋಗೋಕೆ ದುಡಿದು ಬಂದ ಸೊಸೆಯನ್ನ ಎಬ್ಬಿಸಬೇಕಲ್ಲ, ಅದು ತಡ್ಕೊಳ್ಳೋಕಾಗಲ್ಲ" ಎಂದರು. ಸೊಸೆಯ ಕೆಟ್ಟ ನಿದ್ದೆ, ತಪ್ಪಿದ ಕೂಲಿ ನಮ್ಮ ಲೆಕ್ಕದಲ್ಲಿ ಎಲ್ಲೂ ಬಂದಿರಲಿಲ್ಲ. ಮುಂದಿನ ವಾರ ಸಂಘ ಸಾಲ ಮಂಜೂರು ಮಾಡಿತು. ಮೊದಲು ಪ್ರಶ್ನೆ ಎತ್ತಿದವರೇ ಜಾಮೀನು ನಿಂತರು.

ಸಭೆಯಲ್ಲಿ ಚರ್ಚಿಸಿ
1. ಚಿಕಿತ್ಸೆಗೆ ಸಾಲ ಕೇಳಿದಾಗ ಮೇಲಿನ ಐದು ವಿಷಯಗಳನ್ನು ರೋಗಿಯನ್ನೇ ಕೇಳಿದ್ದೇವೆಯೇ?
2. ಆಯುಷ್ಮಾನ್ ಕಾರ್ಡಿನಲ್ಲಿ ಆ ಚಿಕಿತ್ಸೆ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿದ್ದೇವೆಯೇ?
3. ಆರೈಕೆ ಮಾಡುವ ಹೆಣ್ಣುಮಗಳ ದುಡಿಮೆ, ನಿದ್ದೆಯನ್ನು ಲೆಕ್ಕಕ್ಕೆ ಹಿಡಿದಿದ್ದೇವೆಯೇ?